ಎನ್‌ಬಿಎ 2025-26: ಸೀಸನ್‌ಗೆ ಮುಂಚಿನ ಟಾಪ್ 10, ಗಾಯದ ಆಟಗಾರರನ್ನು ಎಲ್ಲಿ ಕೂರಿಸೋದು?

ಹಾಫ್‌ಕೋರ್ಟ್_ಹುಡುಗ

2025ರ ಅಕ್ಟೋಬರ್ 21ರ ರಾತ್ರಿ ಒಕ್ಲಹೋಮಾ ಸಿಟಿಯಲ್ಲಿ ಥಂಡರ್–ರಾಕೆಟ್ಸ್ ಪಂದ್ಯದಿಂದ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೀಸನ್ ಶುರು. ನಮ್ಮ ಗಡಿಯಾರಕ್ಕೆ 22ರ ಬೆಳಗಿನ ಜಾವ 5 ಗಂಟೆ. ಅಷ್ಟರೊಳಗೆ ಟಾಪ್ 10 ಪಟ್ಟಿಯೊಂದನ್ನು ಸರಿಯಾಗಿ ಮಾಡಬೇಕು ಅಂತ ಆಸೆ. ಹೆಸರು ಹೊಳೆದ ಹಾಗೆ ಬರೆದರೆ ಸಾಲದು, ಇವನು ಅವನಿಗಿಂತ ಮೇಲೆ ಯಾಕೆ ಅಂತ ಯಾರಾದರೂ ಕೇಳಿದರೆ ಉತ್ತರ ಇರಬೇಕು.

ಸದ್ಯಕ್ಕೆ ಹೀಗಿದೆ: 1. ಶೇಯ್ ಗಿಲ್ಜಸ್-ಅಲೆಕ್ಸಾಂಡರ್ 2. ಯೋಕಿಚ್ 3. ಯಾನಿಸ್ 4. ಆಂಟನಿ ಎಡ್ವರ್ಡ್ಸ್ 5. ಟೇಟಮ್ 6. ಡಾನ್ಚಿಚ್ 7. ಕರಿ 8. ಬ್ರನ್ಸನ್ 9. ಡಾನವನ್ ಮಿಚೆಲ್ 10. ಲೆಬ್ರಾನ್

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಶೇಯ್‌ಗೆ ಕಳೆದ ಸೀಸನ್‌ನಲ್ಲಿ ಎಂವಿಪಿ (ಅತ್ಯಮೂಲ್ಯ ಆಟಗಾರ), ಫೈನಲ್ಸ್ ಎಂವಿಪಿ, ಅತಿ ಹೆಚ್ಚು ಅಂಕದ ಪಟ್ಟ ಮೂರೂ ಬಂತು, ಕಪ್ಪೂ ಬಂತು. ಅಷ್ಟರ ಮೇಲೆ ಅವನನ್ನು 1ನೇ ಜಾಗದಲ್ಲಿ ಇಟ್ಟರೆ ತಪ್ಪಾ? ಇನ್ನೊಂದು, ಡಾನ್ಚಿಚ್ ಆಡಿದ್ದು 50 ಪಂದ್ಯ, ವೆಂಬನ್ಯಾಮ 46. ಇಬ್ಬರೂ ಎಂವಿಪಿ ತರಹದ ಗೌರವಕ್ಕೆ ಬೇಕಾದ 65 ಪಂದ್ಯದ ಗೆರೆ ಮುಟ್ಟಲಿಲ್ಲ ಅಂತ ಒಬ್ಬನನ್ನು ಕೆಳಗಿಳಿಸಿದೆ, ಇನ್ನೊಬ್ಬನನ್ನು ಬಿಟ್ಟೇಬಿಟ್ಟೆ. ಟೇಟಮ್‌ಗೆ ಅಕಿಲಿಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿದಿದೆ, ಆದರೂ ಅವನು ಒಳ್ಳೆಯ ಆಟಗಾರನೇ ಅಂತ ಉಳಿಸಿಕೊಂಡೆ. ಯಾವ ಅಂಕಿಅಂಶ ನೋಡಬೇಕು, ಯಾವುದನ್ನು ನಂಬಬಾರದು ಅಂತ ಗೊತ್ತಿದ್ದವರು ಬಿಡಿಸಿ ಹೇಳಿ.

ಪೊಸೆಷನ್_ಲೆಕ್ಕ

ಪಟ್ಟಿ ತಿದ್ದುವ ಮುಂಚೆ ಒಂದು ವಿಷಯ ಇತ್ಯರ್ಥ ಆಗಲಿ. "ಬೆಸ್ಟ್" ಅನ್ನೋದಕ್ಕೆ ಮೂರು ಅರ್ಥ ಇದೆ. ಎಲ್ಲರೂ ಆರೋಗ್ಯವಾಗಿದ್ದಾರೆ, ನಾಳೆ ಒಂದೇ ಒಂದು ಪಂದ್ಯ ಗೆಲ್ಲಬೇಕು, ಯಾರನ್ನು ಮೊದಲು ಆರಿಸುತ್ತೀರಿ ಅನ್ನೋದು ಒಂದು. 82 ಪಂದ್ಯಗಳ ಉದ್ದಕ್ಕೂ ತಂಡಕ್ಕೆ ಯಾರು ಹೆಚ್ಚು ಗೆಲುವು ತಂದುಕೊಡುತ್ತಾನೆ ಅನ್ನೋದು ಇನ್ನೊಂದು. ಮೇ ತಿಂಗಳಲ್ಲಿ ಎದುರಾಳಿ ಅವನೊಬ್ಬನನ್ನೇ ಓದಿಕೊಂಡು ಬಂದು ಏಳು ಪಂದ್ಯ ಕಾಡಿದಾಗ ಯಾರು ನಿಲ್ಲುತ್ತಾನೆ ಅನ್ನೋದು ಮೂರನೆಯದು. ನಿಮ್ಮ ಪಟ್ಟಿಯಲ್ಲಿ ಟೇಟಮ್ 5ರಲ್ಲಿ ಇರೋದು ಮೊದಲನೇ ಅರ್ಥದಲ್ಲಿ, ವೆಂಬನ್ಯಾಮ ಇಲ್ಲದೇ ಇರೋದು ಎರಡನೇ ಅರ್ಥದಲ್ಲಿ. ಒಂದೇ ಬಟ್ಟೆಯನ್ನು ಒಂದು ಕಡೆ ಗಜದಲ್ಲಿ, ಇನ್ನೊಂದು ಕಡೆ ಮೊಳದಲ್ಲಿ ಅಳೆದ ಹಾಗಾಗಿದೆ. ನಿಮ್ಮ ಗೊಂದಲದ ಮೂಲ ಅಲ್ಲೇ ಇದೆ.

ಸೀಸನ್‌ಗೆ ಮುಂಚಿನ ಪಟ್ಟಿ ಆಗಿರೋದರಿಂದ ಎರಡನೆಯ ಅರ್ಥವನ್ನು ಹಿಡಿಯಿರಿ ಅನ್ನೋದು ನನ್ನ ಸಲಹೆ. ಅಕ್ಟೋಬರ್‌ನಿಂದ ಜೂನ್‌ವರೆಗೆ ಯಾರಿಂದ ತಂಡಕ್ಕೆ ಹೆಚ್ಚು ಪ್ರಯೋಜನ? ಈ ಪ್ರಶ್ನೆಗೆ ಎರಡು ಸಂಖ್ಯೆ ಸಾಕು. ಆಡಿದಾಗ ಎಷ್ಟು ಒಳ್ಳೆಯವನು, ಎಷ್ಟು ಆಡುತ್ತಾನೆ.

ಎಷ್ಟು ಆಡುತ್ತಾನೆ ಅನ್ನೋದು ಸುಲಭ, ಆದರೆ ಹೆಚ್ಚಿನವರು ಅದನ್ನೇ ತಪ್ಪು ಮಾಡೋದು. ಕಳೆದ ವರ್ಷ ಒಂದನ್ನೇ ನೋಡಬೇಡಿ. ಮೂರು ಸೀಸನ್ ತೆಗೆದುಕೊಂಡು ಹೊಸದಕ್ಕೆ 5, ಅದರ ಹಿಂದಿನದಕ್ಕೆ 3, ಅದಕ್ಕೂ ಹಿಂದಿನದಕ್ಕೆ 2 ತೂಕ ಕೊಡಿ. ಡಾನ್ಚಿಚ್ 50, 70, 66 ಪಂದ್ಯ: 250 + 210 + 132 = 592, ಹತ್ತರಿಂದ ಭಾಗಿಸಿದರೆ 59. ಶೇಯ್ 76, 75, 68: ಸರಾಸರಿ 74. ಯೋಕಿಚ್ 70, 79, 69: 72ರಿಂದ 73. ಯಾನಿಸ್ 67, 73, 63: 68. ಎಡ್ವರ್ಡ್ಸ್ ಮೂರು ವರ್ಷವೂ 79, ಅವನಿಗೆ ಲೆಕ್ಕವೇ ಬೇಡ. ವೆಂಬನ್ಯಾಮನಿಗೆ ಎರಡೇ ಸೀಸನ್ ಇರೋದು, 46 ಮತ್ತು 71. ಎಂಟರಿಂದ ಭಾಗಿಸಿದರೆ 55. ಹಳೆಯ ಹೆಸರಿಗೆ ಮರುಳಾಗಿ ಎಂಬೀಡ್‌ನನ್ನು ಟಾಪ್ 10ಕ್ಕೆ ತುರುಕುವವರಿಗೂ ಇದೇ ಲೆಕ್ಕ ತೋರಿಸಿ: 19, 39, 66, ಅಂದರೆ 34.

65 ಪಂದ್ಯದ ನಿಯಮದ ಬಗ್ಗೆ: 2023-24ರಿಂದ ಬಂದ ಆ ಗೆರೆ ಇರೋದು ಎಂವಿಪಿ, ಆಲ್-ಎನ್‌ಬಿಎ (ವರ್ಷದ ಶ್ರೇಷ್ಠ ಆಟಗಾರರ ತಂಡ) ತರಹದ ಗೌರವಗಳಿಗೆ. ಆಟಗಾರನ ಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. 64 ಆಡಿದವನಿಗೆ ಸೊನ್ನೆ, 65 ಆಡಿದವನಿಗೆ ಪೂರ್ತಿ ಅಂಕ ಅಂತ ನಿಮ್ಮ ಪಟ್ಟಿಯಲ್ಲಿ ಮಾಡಬೇಡಿ. ಕಡಿಮೆ ಆಡಿದಷ್ಟು ಕಡಿಮೆ ಬೆಲೆ, ಅಷ್ಟೇ.

ಇನ್ನು ಆಡಿದಾಗ ಎಷ್ಟು ಒಳ್ಳೆಯವನು ಅನ್ನೋದು. ಪಂದ್ಯಕ್ಕೆ ಎಷ್ಟು ಅಂಕ ಅನ್ನೋದನ್ನು ಮೊದಲು ಪಕ್ಕಕ್ಕಿಡಿ, ಅಂಕ ಗಳಿಸಲು ಎಷ್ಟು ಹೊಡೆತ ಖರ್ಚಾಯಿತು ನೋಡಿ. ಟ್ರೂ ಶೂಟಿಂಗ್ ಅನ್ನೋ ಈ ಲೆಕ್ಕ ಕೈಯಲ್ಲೇ ಹಾಕಬಹುದು: ಅಂಕಗಳನ್ನು 2 × (ಫೀಲ್ಡ್ ಗೋಲ್ ಪ್ರಯತ್ನ + 0.44 × ಫ್ರೀ ಥ್ರೋ ಪ್ರಯತ್ನ) ಇಂದ ಭಾಗಿಸಿ. ಫೀಲ್ಡ್ ಗೋಲ್ ಅಂದರೆ ಆಟದ ನಡುವಿನ ಹೊಡೆತ, ಫ್ರೀ ಥ್ರೋ ಅಂದರೆ ಫೌಲ್‌ಗೆ ಸಿಗುವ ಹೊಡೆತ. 0.44 ಯಾಕೆ ಅಂದರೆ ಎಲ್ಲ ಫ್ರೀ ಥ್ರೋಗಳೂ ಜೋಡಿಯಾಗಿ ಬರೋದಿಲ್ಲ; ಬಾಲ್ ಒಳಗೆ ಹೋದ ಮೇಲೆ ಸಿಗುವ ಒಂಟಿ ಥ್ರೋ, ಟೆಕ್ನಿಕಲ್ ಫೌಲ್, ಮೂರು ಥ್ರೋ ಎಲ್ಲ ಸೇರಿಸಿ ನೋಡಿದರೆ ಒಂದು ಥ್ರೋ ಸುಮಾರು 0.44 ಪೊಸೆಷನ್ (ತಂಡದ ಕೈಗೆ ಬಾಲ್ ಬರುವ ಒಂದು ಸರದಿ) ತಿನ್ನುತ್ತದೆ.

ಶೇಯ್: 32.7 ಅಂಕ, 21.8 ಪ್ರಯತ್ನ, 8.8 ಫ್ರೀ ಥ್ರೋ. 0.44 × 8.8 = 3.87, ಕೂಡಿದರೆ 25.67, ದುಪ್ಪಟ್ಟು 51.34. ಉತ್ತರ 63.7%. ಯೋಕಿಚ್: 29.6 ಅಂಕ, 19.5 ಪ್ರಯತ್ನ, 6.4 ಫ್ರೀ ಥ್ರೋ, 66.3%. ಯಾನಿಸ್ 62ರ ಮೇಲೆ, ಎಡ್ವರ್ಡ್ಸ್ 59.5ರ ಆಸುಪಾಸು. ಲೀಗ್ ಸರಾಸರಿ 57-58. ಎಡ್ವರ್ಡ್ಸ್ ಕೂಡ ಸರಾಸರಿಗಿಂತ ಮೇಲೇ ಇದ್ದಾನೆ, ಆದರೆ ಯೋಕಿಚ್‌ನಿಂದ ಏಳು ಅಂಶ ಕೆಳಗೆ. ತಂಡದ ಹೊಡೆತಗಳಲ್ಲಿ ದೊಡ್ಡ ಪಾಲು ಇಂಥವರ ಕೈಯಿಂದಲೇ ಹೋಗುವುದರಿಂದ ಇದು ಸಣ್ಣ ವ್ಯತ್ಯಾಸ ಅಲ್ಲ.

ಎರಡನ್ನೂ ಸೇರಿಸೋದು ಹೀಗೆ. 100 ಪೊಸೆಷನ್‌ಗೆ ಆಟಗಾರ ತಂಡಕ್ಕೆ ಎಷ್ಟು ಅಂಕ ಕೂಡಿಸುತ್ತಾನೆ ಅನ್ನೋ ಅಂದಾಜು ಯಾವುದಾದರೂ ಒಂದು ಅಳತೆಯಿಂದ ತೆಗೆದುಕೊಳ್ಳಿ (ಬಿಪಿಎಂ, ಇಪಿಎಂ, ಡಾರ್ಕೊ, ಯಾವುದಾದರೂ ಸರಿ, ಆದರೆ ಎಲ್ಲರಿಗೂ ಒಂದೇ). ಅದಕ್ಕೆ 2 ಕೂಡಿಸಿ, ಏಕೆಂದರೆ ಅವನಿಲ್ಲದಿದ್ದರೆ ಬರುವ ಬದಲಿ ಆಟಗಾರನ ಮಟ್ಟ ಸುಮಾರು −2. 48 ನಿಮಿಷಕ್ಕೆ ಸುಮಾರು 100 ಪೊಸೆಷನ್ ಅಂತಿಟ್ಟುಕೊಂಡರೆ 35 ನಿಮಿಷ ಅಂದರೆ 73. ಉದಾಹರಣೆಗೆ ಮಾತ್ರ: +8 ಮಟ್ಟದವನು 70 ಪಂದ್ಯ, 35 ನಿಮಿಷದ ಹಾಗೆ ಆಡಿದರೆ 5,110 ಪೊಸೆಷನ್, 10 × 51.1 = 511 ಅಂಕ. 30 ಅಂಕಕ್ಕೆ ಸರಿಸುಮಾರು ಒಂದು ಗೆಲುವು, ಹಾಗಾಗಿ 17 ಗೆಲುವು. +6 ಮಟ್ಟದವನು 46 ಪಂದ್ಯ, 33 ನಿಮಿಷ ಆಡಿದರೆ 253 ಅಂಕ, 8 ಗೆಲುವು. +4 ಮಟ್ಟದವನು 80 ಪಂದ್ಯ, 36 ನಿಮಿಷ ಆಡಿದರೆ 360 ಅಂಕ, 12 ಗೆಲುವು. ಎರಡನೆಯವನು ಮೂರನೆಯವನಿಗಿಂತ ಒಳ್ಳೆಯ ಆಟಗಾರ, ಆದರೂ ಸೀಸನ್ ಮುಗಿದಾಗ ಕಡಿಮೆ ಕೊಟ್ಟಿರುತ್ತಾನೆ. ನಿಮ್ಮ ಪಟ್ಟಿಯಲ್ಲಿ ಎಡ್ವರ್ಡ್ಸ್ 4ರಲ್ಲಿ ಇದ್ದು ವೆಂಬನ್ಯಾಮ ಇಲ್ಲದಿರೋ ಪ್ರಶ್ನೆಯೂ ಇದೇ ಆಕಾರದ್ದು.

ಬೆಂಚ್_ಡೆಪ್ತ್

ಗಾಯಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಬಾರದು. ಮೇಲಿನ 5-3-2 ಲೆಕ್ಕದ ಕೊರತೆ ಇದೇ.

ಟೇಟಮ್‌ನನ್ನು ಪಟ್ಟಿಯಿಂದ ತೆಗೆಯಿರಿ. ಅಕಿಲಿಸ್ ಹರಿದದ್ದು ಮೇ 12ರಂದು, ನಿಕ್ಸ್ ವಿರುದ್ಧದ 4ನೇ ಪಂದ್ಯದಲ್ಲಿ. ಈ ಗಾಯಕ್ಕೆ ಮಾಮೂಲಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಬೇಗ ವಾಪಸ್ ಬಂದರೂ ನಿಮಿಷಕ್ಕೆ ಮಿತಿ ಇರುತ್ತದೆ, ಮೊದಲ ಹೆಜ್ಜೆಯ ಚುರುಕು ತಕ್ಷಣ ಬರೋದಿಲ್ಲ. ಡ್ಯುರಂಟ್‌ಗೆ 2019ರ ಜೂನ್‌ನಲ್ಲಿ ಹರಿಯಿತು, 2019-20 ಸೀಸನ್ ಪೂರ್ತಿ ಆಡಲಿಲ್ಲ. ಮುಂದಿನ ಸೀಸನ್‌ನಲ್ಲಿ 35 ಪಂದ್ಯ, 26.9 ಅಂಕ. ಬಂದ ಮೇಲೆ ಮೊದಲಿನ ಹಾಗೇ ಆಡಿದ, ಆದರೆ ಅವನ ಆಟ ಎತ್ತರದಿಂದ ಹೊಡೆಯುವ ಜಂಪ್ ಶಾಟ್ ಮೇಲೆ ನಿಂತದ್ದು. ಕೋಬಿಗೆ 2013ರ ಏಪ್ರಿಲ್‌ನಲ್ಲಿ ಆಯಿತು, ಅದೇ ಡಿಸೆಂಬರ್‌ಗೆ ವಾಪಸ್ ಬಂದ, ಆರು ಪಂದ್ಯಕ್ಕೆ ಮೊಣಕಾಲಿನ ಮೂಳೆ ಮುರಿದು ಸೀಸನ್ ಮುಗಿಯಿತು. ಹ್ಯಾಲಿಬರ್ಟನ್‌ದು ಇನ್ನೂ ತಡವಾಗಿ, ಜೂನ್ 22ರ ಫೈನಲ್ಸ್ 7ನೇ ಪಂದ್ಯದಲ್ಲಿ ಆದದ್ದು. ಪೇಸರ್ಸ್ ಅವನಿಲ್ಲದ ಸೀಸನ್ ಅಂತ ಹೇಳಿಬಿಟ್ಟಿದೆ. ಇಬ್ಬರಿಗೂ 2026ರ ಅಕ್ಟೋಬರ್ ಪಟ್ಟಿಯಲ್ಲಿ ಜಾಗ ಹುಡುಕೋಣ.

ವೆಂಬನ್ಯಾಮನ ಕತೆ ಬೇರೆ. ಕಳೆದ ಫೆಬ್ರುವರಿಯಲ್ಲಿ ಬಲ ಭುಜದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ಸೀಸನ್ ನಿಂತಿತು. ಜುಲೈ ಹೊತ್ತಿಗೆ ಆಡಲು ಅನುಮತಿ ಸಿಕ್ಕಿದೆ. ತೊಡೆ ಸ್ನಾಯು, ಮೀನಖಂಡ, ಬೆನ್ನು ಇಂಥ ಕಡೆ ಒಮ್ಮೆ ನೋವು ಬಂದರೆ ಅದೇ ವರ್ಷ ಮತ್ತೆ ಬರುವ ಅಪಾಯ ಹೆಚ್ಚು, ಹಾಗಾಗಿ ಅಲ್ಲಿ ಹಿಂದಿನ ಪಂದ್ಯಗಳ ಲೆಕ್ಕ ಮುಂದಕ್ಕೂ ದಾರಿ ತೋರಿಸುತ್ತದೆ. ಇದು ಆ ಜಾತಿಯದಲ್ಲ. ಆದ್ದರಿಂದ ಅವನಿಗೆ 55 ಅನ್ನೋದು ತೀರಾ ಕಡಿಮೆ, ನಾನು 62-65 ಹಾಕುತ್ತೇನೆ. 7 ಅಡಿ 4 ಇಂಚಿನ ದೇಹಕ್ಕೆ 75 ಹಾಕೋ ಧೈರ್ಯ ಮಾತ್ರ ಇಲ್ಲ.

ಡಾನ್ಚಿಚ್‌ದು ಮೀನಖಂಡ, ಕಳೆದ ಕ್ರಿಸ್ಮಸ್ ದಿನ ಆದದ್ದು. ಬೇಸಿಗೆಯಲ್ಲಿ ತೂಕ ಇಳಿಸಿಕೊಂಡು ಬಂದಿದ್ದಾನೆ, ವಯಸ್ಸು 26. 65 ಇಡಬಹುದು. ಲೆಬ್ರಾನ್ 23ನೇ ಸೀಸನ್‌ಗೆ ಕಾಲಿಡುತ್ತಿದ್ದಾನೆ, ಯಾರೂ ಇಷ್ಟು ಸೀಸನ್ ಆಡಿಲ್ಲ. ಡಿಸೆಂಬರ್ 30ಕ್ಕೆ 41 ತುಂಬುತ್ತದೆ, ಈಗ ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ) ನೋವಿನಿಂದ ಮೊದಲ ಕೆಲವು ವಾರ ಇರೋದಿಲ್ಲ. ಕಳೆದ ವರ್ಷ 70 ಪಂದ್ಯ, 24.4 ಅಂಕ, 8.2 ಅಸಿಸ್ಟ್ ಅಂದರೆ ಅದ್ಭುತ, ಆದರೆ ನರದ ನೋವು ಈ ವಯಸ್ಸಿನಲ್ಲಿ ಒಂದೇ ಸಲಕ್ಕೆ ಹೋಗುತ್ತೆ ಅಂತ ನಂಬಿ ಪಟ್ಟಿ ಮಾಡಬಾರದು. 10ನೇ ಜಾಗ ಬೇರೆಯವರಿಗೆ ಬಿಡಿ.

ಹೈ_ಪೋಸ್ಟ್

ಶೇಯ್–ಯೋಕಿಚ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಕಷ್ಟದ್ದು ಅದೊಂದೇ.

ಎಂವಿಪಿ ಮತದಲ್ಲಿ ಶೇಯ್‌ಗೆ 100ರಲ್ಲಿ 71 ಮೊದಲ ಸ್ಥಾನ, ಯೋಕಿಚ್‌ಗೆ 29. ಆ ಮತ ಕಳೆದ ಸೀಸನ್‌ನ ಸಾಧನೆಗೆ ಕೊಟ್ಟ ಮರ್ಯಾದೆ, ಅದು ನ್ಯಾಯವೇ. ಅವನ ತಂಡ ಥಂಡರ್‌ಗೆ 68 ಗೆಲುವು, ಪಂದ್ಯಕ್ಕೆ ಸರಾಸರಿ 12.9 ಅಂಕದ ಅಂತರ, ಲೀಗ್ ಇತಿಹಾಸದಲ್ಲೇ ದೊಡ್ಡದು. ನೀವು ಮಾಡುತ್ತಿರೋದು ಮುಂದಿನ ಸೀಸನ್‌ನ ಅಂದಾಜು. ಹೋದ ವರ್ಷದ ಬಹುಮಾನ ಇಲ್ಲಿ ಸಾಕ್ಷಿ ಆಗಬಹುದು, ತೀರ್ಪು ಆಗಬಾರದು.

ಶೇಯ್ ಪರವಾಗಿ ಒಂದು ವಾದವನ್ನು ಜನ ಮರೆಯುತ್ತಾರೆ. ಥಂಡರ್ ಅಷ್ಟು ದೊಡ್ಡ ಅಂತರದಲ್ಲಿ ಗೆಲ್ಲುತ್ತಿದ್ದರಿಂದ ಅವನು ಎಷ್ಟೋ ಸಲ ನಾಲ್ಕನೇ ಕ್ವಾರ್ಟರ್‌ನಲ್ಲಿ ಬೆಂಚ್ ಮೇಲೆ ಕೂತಿದ್ದ. 34.2 ನಿಮಿಷಕ್ಕೆ 32.7 ಅಂಕ ಅದು. ಯೋಕಿಚ್ ಆಡಿದ್ದು 36.7 ನಿಮಿಷ. ಶೇಯ್ ಡಿಫೆನ್ಸ್ ಕೂಡ ಗಾರ್ಡ್‌ಗಳ ಮಟ್ಟಿಗೆ ಗಟ್ಟಿ: 1.7 ಸ್ಟೀಲ್, 1.0 ಬ್ಲಾಕ್. ಎದುರಾಳಿ ಅವನನ್ನು ಗುರಿ ಮಾಡಿ ಪಿಕ್ ಅಂಡ್ ರೋಲ್ (ಜೊತೆಗಾರನನ್ನು ಅಡ್ಡ ನಿಲ್ಲಿಸಿ ದಾರಿ ಮಾಡಿಕೊಳ್ಳುವ ಆಟ) ಆಡಿಸಿ ಏನೂ ಗಿಟ್ಟೋದಿಲ್ಲ.

ಆದರೂ ನನ್ನ ಪಟ್ಟಿಯಲ್ಲಿ ಯೋಕಿಚ್ ಮೊದಲು. 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್. ಇಡೀ ಸೀಸನ್‌ಗೆ ಟ್ರಿಪಲ್-ಡಬಲ್ (ಈ ಮೂರರಲ್ಲೂ ಎರಡಂಕಿ) ಸರಾಸರಿ ಇಟ್ಟವರು ಅವನಿಗಿಂತ ಮುಂಚೆ ಆಸ್ಕರ್ ರಾಬರ್ಟ್‌ಸನ್, ರಸೆಲ್ ವೆಸ್ಟ್‌ಬ್ರೂಕ್ ಇಬ್ಬರೇ, ಇಬ್ಬರೂ ಗಾರ್ಡ್‌ಗಳು. ಅಂಕಿಗಿಂತ ಮುಖ್ಯವಾದದ್ದು ಅವನ ಆಟದ ಸ್ವಭಾವ. ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಅವನ ಕೈಗೆ ಬಾಲ್ ಬಂದರೆ ಎದುರಾಳಿ ಒಬ್ಬನನ್ನೇ ಬಿಟ್ಟರೆ ಬುಟ್ಟಿ, ಇಬ್ಬರನ್ನು ಕಳಿಸಿದರೆ ಚಿನ್ನದಂಥ ಪಾಸ್ ಬುಟ್ಟಿ ಕೆಳಗೆ ಕತ್ತರಿಸಿ ಬರುವವನ ಕೈಗೆ. ಪಕ್ಕದಲ್ಲಿರುವ ಸಾಧಾರಣ ಆಟಗಾರನಿಗೂ ಸುಲಭದ ಹೊಡೆತ ಸಿಗುತ್ತದೆ. ಶೇಯ್ ತನ್ನ ಹೊಡೆತವನ್ನು ತಾನೇ ಹುಟ್ಟಿಸುವುದರಲ್ಲಿ ಎಲ್ಲರಿಗಿಂತ ಮೇಲು. ಬೇರೆಯವರ ಹೊಡೆತವನ್ನು ಹುಟ್ಟಿಸುವುದರಲ್ಲಿ ಯೋಕಿಚ್ ಒಂದು ಮೆಟ್ಟಿಲು ಮೇಲೆ.

ಅವನ ದೌರ್ಬಲ್ಯವನ್ನೂ ಬರೆದಿಟ್ಟುಕೊಳ್ಳಿ. ಸೆಂಟರ್ ಆಗಿದ್ದೂ ಪಂದ್ಯಕ್ಕೆ ಒಂದು ಬ್ಲಾಕ್ ಕೂಡ ಇಲ್ಲ, ಬುಟ್ಟಿ ಕಾಯುವ ಕೆಲಸ ಬೇರೆಯವರು ಹಂಚಿಕೊಳ್ಳಬೇಕು. ಮೇ ತಿಂಗಳಲ್ಲಿ ಥಂಡರ್ ಏನು ಮಾಡಿತು ನೋಡಿ: ಯೋಕಿಚ್‌ನ ಡೆನ್ವರ್ ತಂಡದ ವಿರುದ್ಧ 7ನೇ ಪಂದ್ಯದಲ್ಲಿ 6 ಅಡಿ 5 ಇಂಚಿನ ಕರೂಸೋನನ್ನು ಅವನ ಮುಂದೆ ನಿಲ್ಲಿಸಿ ಬಾಲ್ ಅವನ ಕೈಗೇ ಬರದ ಹಾಗೆ ತಡೆಯಿತು, ತಲೆ ಮೇಲಿಂದ ಬರುವ ಪಾಸ್‌ಗೆ ಹಿಂದೆ ಇನ್ನೊಬ್ಬ ಕಾದಿದ್ದ. ಪಂದ್ಯ ಥಂಡರ್‌ಗೆ, 125-93. ಹೊರಗಿನಿಂದ ಹೊಡೆದು ಶಿಕ್ಷೆ ಕೊಡುವವರು ಸುತ್ತ ಇಲ್ಲದಿದ್ದರೆ ಈ ಉಪಾಯ ಫಲಿಸುತ್ತದೆ. ಪ್ಲೇಆಫ್ ಪಟ್ಟಿ ಅಂತ ಬೇರೆ ಮಾಡಿದರೆ ಶೇಯ್‌ನನ್ನು ಮೇಲಿಡುವವರ ಜೊತೆ ನಾನು ಜಗಳಕ್ಕೆ ಬರೋದಿಲ್ಲ.

ಒಂದು ಎಚ್ಚರಿಕೆ. ಆನ್-ಆಫ್ ಅಂಕಿ, ಅಂದರೆ ಆಟಗಾರ ಅಂಗಳದಲ್ಲಿದ್ದಾಗ ಮತ್ತು ಕೂತಾಗ ತಂಡದ ಅಂತರ, ಯೋಕಿಚ್‌ಗೆ ವರ್ಷಗಟ್ಟಲೆ ದೊಡ್ಡದಾಗಿಯೇ ಬಂದಿದೆ. ಅದರಲ್ಲಿ ಒಂದು ಭಾಗ ಅವನ ಮಹಿಮೆ, ಒಂದು ಭಾಗ ಅವನು ಕೂತಾಗ ಬರುತ್ತಿದ್ದ ಬದಲಿ ಸೆಂಟರ್‌ಗಳ ಕೊರತೆ. ಈ ಬೇಸಿಗೆಯಲ್ಲಿ ಡೆನ್ವರ್ ಆ ಜಾಗಕ್ಕೆ ವಾಲಂಚೂನಾಸ್‌ನನ್ನು ತಂದಿದೆ. ಆ ನಿಮಿಷಗಳಲ್ಲಿ ತಂಡ ಮುಳುಗದಿದ್ದರೆ ಯೋಕಿಚ್‌ನ ಆನ್-ಆಫ್ ಕುಗ್ಗುತ್ತದೆ. ಆಗ "ಯೋಕಿಚ್ ಇಳಿಮುಖ" ಅಂತ ಬರೆಯುವವರು ಬರುತ್ತಾರೆ, ಅವರ ಮಾತಿಗೆ ಪಟ್ಟಿ ಬದಲಿಸಬೇಡಿ.

ಕಾರ್ನರ್_ತ್ರೀ

ಶೂಟಿಂಗ್ ಶೇಕಡಾವಾರು ಬಗ್ಗೆ ಯಾರೂ ಹೇಳಲಿಲ್ಲ, ಪಟ್ಟಿಗಳು ಹೆಚ್ಚು ಹಾಳಾಗೋದು ಅದರಿಂದಲೇ.

ನಿಜವಾದ ಸಾಮರ್ಥ್ಯ 36% ಇರುವವನು ಒಂದು ಸೀಸನ್‌ನಲ್ಲಿ 400 ತ್ರೀ (ಗೆರೆಯಾಚೆಯಿಂದ ಮೂರಂಕದ ಹೊಡೆತ) ಹೊಡೆದರೆ, ಬರೀ ಅದೃಷ್ಟದಿಂದಲೇ ಅದು 2.4 ಅಂಶ ಮೇಲೆ ಕೆಳಗೆ ಆಗೋದು ಮಾಮೂಲು. ಎರಡು ಪಟ್ಟು ತೆಗೆದುಕೊಂಡರೆ 31ರಿಂದ 41ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅವನು ಕಲಿತದ್ದೂ ಇಲ್ಲ, ಮರೆತದ್ದೂ ಇಲ್ಲ. ಹಾಗಾಗಿ ಹಿಂದಿನ ವರ್ಷದ ಶೇಕಡಾವಾರನ್ನು ಹಾಗೇ ಮುಂದಕ್ಕೆ ಎಳೆಯಬಾರದು. ಸುಲಭದ ಉಪಾಯ: ಪ್ರತಿಯೊಬ್ಬನ ಲೆಕ್ಕಕ್ಕೂ 36%ರಲ್ಲಿ 750 ಪ್ರಯತ್ನ, ಅಂದರೆ 270 ಬುಟ್ಟಿ, ಕೂಡಿಸಿಬಿಡಿ.

ಎಡ್ವರ್ಡ್ಸ್ ಕಳೆದ ವರ್ಷ 320 ತ್ರೀ ಹಾಕಿ ಲೀಗ್‌ಗೇ ಮೊದಲಿಗ, 39.5%, ಅಂದರೆ 811 ಪ್ರಯತ್ನ. 590 ÷ 1,561 = 37.8%. ಯೋಕಿಚ್ 41.7%, ಆದರೆ ಪಂದ್ಯಕ್ಕೆ 4.7 ಪ್ರಯತ್ನ, ಒಟ್ಟು 330ರ ಹತ್ತಿರ, 138 ಬುಟ್ಟಿ. 408 ÷ 1,080 = 37.8%. ಕಾಗದದ ಮೇಲೆ ಎರಡು ಅಂಶದ ಅಂತರ ಇದ್ದದ್ದು ಲೆಕ್ಕ ಹಾಕಿದ ಮೇಲೆ ಮಾಯ. ಯೋಕಿಚ್‌ನ ಹಿಂದಿನ ಎರಡು ವರ್ಷ 35.9 ಮತ್ತು 38.3 ಇದ್ದದ್ದನ್ನು ನೋಡಿದರೆ 37.8 ಅನ್ನೋದು ನಂಬುವ ಹಾಗೇ ಇದೆ.

ಕರಿಗೆ ಮಾತ್ರ ಈ 36% ಹಾಕಬೇಡಿ. ಕಳೆದ ಮಾರ್ಚ್‌ನಲ್ಲಿ 4,000ನೇ ತ್ರೀ ದಾಟಿದವನ ಸಾಮರ್ಥ್ಯ ಏನು ಅಂತ ತಿಳಿಯಲು ಲೀಗ್ ಸರಾಸರಿ ಬೇಕಿಲ್ಲ, ಅವನ ಸ್ವಂತ ಲೆಕ್ಕವೇ ಸಾಕಷ್ಟು ದೊಡ್ಡದು. ಅವನ ಸಮಸ್ಯೆ ಕೈಯದಲ್ಲ, ಕಾಲಿನದು. ಪ್ಲೇಆಫ್‌ನಲ್ಲಿ ಮಿನೆಸೋಟ ವಿರುದ್ಧ ಮೊದಲ ಪಂದ್ಯದಲ್ಲೇ ತೊಡೆ ಸ್ನಾಯು ಎಳೆದುಕೊಂಡಿತು, ವಯಸ್ಸು 37.

ಈ ಸೀಸನ್‌ನಿಂದ ಒಂದು ಹೊಸ ನಿಯಮವೂ ಇದೆ. ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ 3 ಸೆಕೆಂಡ್‌ನಲ್ಲಿ, ಹಿಂದಿನ ಅರ್ಧದಿಂದ ಶುರುವಾದ ಆಟದಲ್ಲಿ, ಕನಿಷ್ಠ 36 ಅಡಿ ದೂರದಿಂದ ಎಸೆದು ತಪ್ಪಿದರೆ ಅದು ಆಟಗಾರನ ಲೆಕ್ಕಕ್ಕೆ ಬರೋದಿಲ್ಲ, ತಂಡದ ಲೆಕ್ಕಕ್ಕೆ ಹೋಗುತ್ತದೆ. ಯೋಕಿಚ್‌ನ ಹಾಗೆ ಶೇಕಡಾವಾರಿಗೆ ತಲೆ ಕೆಡಿಸಿಕೊಳ್ಳದೆ ಎಸೆಯುವವರ ಅಂಕಿ ತುಸು ಚೆನ್ನಾಗಿ ಕಾಣುತ್ತದೆ. ಹಿಂದಿನ ವರ್ಷದ ಜೊತೆ ಹೋಲಿಸುವಾಗ ನೆನಪಿರಲಿ.

ಕೊನೆಗೆ ಯೂರೋಬ್ಯಾಸ್ಕೆಟ್ (ಯುರೋಪಿನ ದೇಶಗಳ ಟೂರ್ನಿ). ಡಾನ್ಚಿಚ್ ಅಲ್ಲಿ ಪಂದ್ಯಕ್ಕೆ 34.7 ಅಂಕ ಹಾಕಿದ ಅಂತ ಅವನನ್ನು ಮೇಲೇರಿಸಬೇಡಿ, ಯೋಕಿಚ್‌ನ ಸೆರ್ಬಿಯಾ ಫಿನ್ಲೆಂಡ್‌ಗೆ ಸೋತು ಹೊರಬಿತ್ತು ಅಂತ ಅವನನ್ನು ಇಳಿಸಲೂಬೇಡಿ. ಅಲ್ಲಿ ಪಂದ್ಯ 40 ನಿಮಿಷ, ತ್ರೀ ಗೆರೆ 6.75 ಮೀಟರ್ (ಎನ್‌ಬಿಎಯಲ್ಲಿ ನಡುಭಾಗಕ್ಕೆ 7.24), ಡಿಫೆನ್ಸ್‌ಗೆ ಮೂರು ಸೆಕೆಂಡ್ ನಿಯಮ ಇಲ್ಲದ್ದರಿಂದ ಸೆಂಟರ್ ಬುಟ್ಟಿ ಕೆಳಗೇ ಬೇರೂರಬಹುದು. ಅಲ್ಲಿಂದ ತಿಳಿಯಬೇಕಾದ್ದು ಒಂದೇ: ಡಾನ್ಚಿಚ್‌ನ ಕಾಲು ಸರಿಯಾಗಿದೆ, ಓಡುತ್ತಿದ್ದಾನೆ.

ಪೊಸೆಷನ್_ಲೆಕ್ಕ

ಕಾರ್ನರ್_ತ್ರೀ ಅವರ ಮಾತಿಗೆ ಒಂದು ಸೇರ್ಪಡೆ. ವರ್ಷಗಳ ಸರಾಸರಿ ತೆಗೆಯುವಾಗ ವರ್ಷದ ತೂಕವನ್ನು ಆ ವರ್ಷ ಆಡಿದ ಪಂದ್ಯಗಳಿಂದಲೂ ಗುಣಿಸಬೇಕು, ಇಲ್ಲದಿದ್ದರೆ ಅರ್ಧ ಸೀಸನ್‌ಗೆ ಪೂರ್ತಿ ಸೀಸನ್‌ನ ಮಾತು ಬಂದುಬಿಡುತ್ತದೆ. ಡಾನ್ಚಿಚ್‌ನ ಅಂಕ 28.2, 33.9, 32.4. ಬರೀ 5-3-2 ಹಾಕಿದರೆ 30.8. ಪಂದ್ಯಗಳನ್ನೂ ಸೇರಿಸಿದರೆ ತೂಕ 250, 210, 132 ಆಗಿ 31.2. ಇಲ್ಲಿ ವ್ಯತ್ಯಾಸ ಚಿಕ್ಕದು, 19 ಪಂದ್ಯ ಆಡಿದವನಿಗೆ ದೊಡ್ಡದಾಗುತ್ತದೆ.

ಹಾಫ್‌ಕೋರ್ಟ್_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಸೀಸನ್ ಪೂರ್ತಿಯ ಪ್ರಯೋಜನ ಅನ್ನೋ ಒಂದೇ ಅಳತೆಗೋಲು ಹಿಡಿದು ತಿದ್ದಿದೆ:

1. ಯೋಕಿಚ್ 2. ಶೇಯ್ 3. ಯಾನಿಸ್ 4. ಡಾನ್ಚಿಚ್ 5. ವೆಂಬನ್ಯಾಮ 6. ಎಡ್ವರ್ಡ್ಸ್ 7. ಬ್ರನ್ಸನ್ 8. ಕರಿ 9. ಮಿಚೆಲ್ 10. ?

10ಕ್ಕೆ ಕೇಡ್ ಕನ್ನಿಂಗಮ್, ಡ್ಯುರಂಟ್, ಮೋಬ್ಲಿ ಮೂವರೂ ತಲೆಯಲ್ಲಿ ಇದ್ದಾರೆ. ವೆಂಬನ್ಯಾಮ ಎಡ್ವರ್ಡ್ಸ್‌ಗಿಂತ ಮೇಲೆ ಇರೋದು ಲೆಕ್ಕಕ್ಕೆ ಸರಿಯಾ? 79 ಪಂದ್ಯದವನನ್ನು ಕೆಳಗಿಟ್ಟು ಮನಸ್ಸು ಒಪ್ಪುತ್ತಿಲ್ಲ.

ಹೈ_ಪೋಸ್ಟ್

ವೆಂಬನ್ಯಾಮ 64 ಪಂದ್ಯ ಆಡುತ್ತಾನೆ ಅಂತಾದರೆ ಸರಿ. 24.3 ಅಂಕ, 11 ರೀಬೌಂಡ್, 3.8 ಬ್ಲಾಕ್ ಅನ್ನೋದರಲ್ಲಿ ಬ್ಲಾಕ್ ಸಂಖ್ಯೆ ಅವನ ಡಿಫೆನ್ಸ್‌ನ ಅರ್ಧ ಮಾತ್ರ. ಅವನನ್ನು ಕಂಡು ಗಾರ್ಡ್‌ಗಳು ಬುಟ್ಟಿ ತನಕ ಬಂದು ವಾಪಸ್ ತಿರುಗಿ ಹೊರಗೆ ಪಾಸ್ ಮಾಡುವುದು ಯಾವ ಕಾಲಂನಲ್ಲೂ ಬರೋದಿಲ್ಲ. ಬಿಪಿಎಂ ತರಹದ, ಬರೀ ಬಾಕ್ಸ್ ಸ್ಕೋರ್ ಓದುವ ಅಳತೆಗೆ ಅದು ಕಾಣದು. ಅವನ ತಪ್ಪು ಇರೋದು ಹೊಡೆತದ ಆಯ್ಕೆಯಲ್ಲಿ: ಪಂದ್ಯಕ್ಕೆ 8.8 ತ್ರೀ, ಅದರಲ್ಲಿ 35.2%. ಅವನ ಎತ್ತರಕ್ಕೆ ಅದರಲ್ಲಿ ಎರಡು ಮೂರನ್ನು ಬುಟ್ಟಿಯ ಹತ್ತಿರದ ಹೊಡೆತಕ್ಕೆ ಬದಲಿಸಿಕೊಂಡರೆ ಈ ವರ್ಷವೇ ಮೂರನೇ ಜಾಗಕ್ಕೆ ಬರುತ್ತಾನೆ. 50 ಪಂದ್ಯ ಅಂತ ನೀವು ಅಂದಾಜು ಮಾಡಿದರೆ ಎಡ್ವರ್ಡ್ಸ್ ಮೇಲೆ ಹೋಗಲಿ. ನಿಮ್ಮ ಮನಸ್ಸು ಒಪ್ಪದಿರೋದು ಪಂದ್ಯದ ಅಂದಾಜನ್ನಾ, ಆಟದ ಮಟ್ಟವನ್ನಾ ಅಂತ ಮೊದಲು ನೋಡಿಕೊಳ್ಳಿ, ಎರಡಕ್ಕೂ ಮದ್ದು ಬೇರೆ.

ಯಾನಿಸ್, ಡಾನ್ಚಿಚ್ ಕ್ರಮ ಸರಿ ಇದೆ. ಮಿಲ್ವಾಕಿ ಲಿಲ್ಲರ್ಡ್‌ನನ್ನು ಬಿಟ್ಟುಕೊಟ್ಟು ಮೈಲ್ಸ್ ಟರ್ನರ್‌ನನ್ನು ತಂದಿದೆ. ಹೊರಗೆ ನಿಂತು ತ್ರೀ ಹಾಕುವ ಸೆಂಟರ್ ಸಿಕ್ಕಿದ್ದರಿಂದ ಯಾನಿಸ್‌ಗೆ ಒಳಗೆ ಜಾಗ ಹೆಚ್ಚು, ಆದರೆ ಬಾಲ್ ತರುವ ಕೆಲಸವೂ ಅವನ ಮೇಲೇ. ಅಸಿಸ್ಟ್ ಏರುತ್ತದೆ, ದಣಿವೂ ಏರುತ್ತದೆ.

ಬೆಂಚ್_ಡೆಪ್ತ್

10ನೇ ಜಾಗಕ್ಕೆ ಕೇಡ್. 70 ಪಂದ್ಯ, 26.1 ಅಂಕ, 9.1 ಅಸಿಸ್ಟ್, 24 ವರ್ಷ. ಡೆಟ್ರಾಯ್ಟ್ ಒಂದೇ ವರ್ಷದಲ್ಲಿ 14 ಗೆಲುವಿನಿಂದ 44ಕ್ಕೆ ಏರಿತು. ಶೂಟಿಂಗ್ ದಕ್ಷತೆ ಲೀಗ್ ಸರಾಸರಿಗಿಂತ ತುಸು ಕೆಳಗೆ, ಬಾಲ್ ಕಳೆದುಕೊಳ್ಳುವುದೂ ಹೆಚ್ಚು, ಹಾಗಾಗಿ ಮಿಚೆಲ್‌ಗಿಂತ ಮೇಲೆ ಬೇಡ. ಡ್ಯುರಂಟ್ ಈಗಲೂ ಹೊಡೆತದಲ್ಲಿ ಇವರೆಲ್ಲರಿಗಿಂತ ಮೇಲು, ಆದರೆ ವಯಸ್ಸು 37, ಕಳೆದ ವರ್ಷ 62 ಪಂದ್ಯ. ಜೊತೆಗೆ ಅವನ ಹೊಸ ತಂಡ ಹ್ಯೂಸ್ಟನ್‌ನ ಫ್ರೆಡ್ ವ್ಯಾನ್‌ವ್ಲೀಟ್‌ಗೆ ಎಸಿಎಲ್ (ಮೊಣಕಾಲಿನ ಅಸ್ಥಿರಜ್ಜು) ಹರಿದಿರೋದರಿಂದ ಸರಿಯಾದ ಜಾಗದಲ್ಲಿ ಅವನಿಗೆ ಬಾಲ್ ತಲುಪಿಸುವ ಅನುಭವಿ ಗಾರ್ಡ್ ಇಲ್ಲ. ಮೋಬ್ಲಿ ಕಳೆದ ವರ್ಷದ ಶ್ರೇಷ್ಠ ಡಿಫೆಂಡರ್, 12ರ ಆಸುಪಾಸು ಇಡಬಹುದು. ಬ್ರನ್ಸನ್ ವಿಷಯದಲ್ಲಿ ಕೋಚ್ ಬದಲಾಗಿದ್ದಾನೆ, ಥಿಬೊಡೊ ಹೋಗಿ ಮೈಕ್ ಬ್ರೌನ್ ಬಂದಿದ್ದಾನೆ. ನಿಮಿಷ ಕಡಿಮೆಯಾಗಿ ಸರಾಸರಿ ಅಂಕ ಇಳಿದರೆ ಅದನ್ನು ಆಟದ ಇಳಿತ ಅಂತ ಓದಬೇಡಿ.

ಕಾರ್ನರ್_ತ್ರೀ

ಪಟ್ಟಿಯ ಪಕ್ಕ ಪ್ರತಿ ಹೆಸರಿಗೂ ಎರಡು ಅಂಕಿ ಬರೆದಿಡಿ: ಎಷ್ಟು ಪಂದ್ಯ ಅಂದುಕೊಂಡಿದ್ದೀರಿ, 100 ಪೊಸೆಷನ್‌ಗೆ ಎಷ್ಟು ಅಂದುಕೊಂಡಿದ್ದೀರಿ. 1 ಮತ್ತು 2ರ ನಡುವೆ, 3ರಿಂದ 5ರ ನಡುವೆ, 6ರಿಂದ 10ರ ನಡುವೆ ಅಂತರ ಎಷ್ಟು ಚಿಕ್ಕದು ಅಂತ ಆಗ ಕಾಣುತ್ತದೆ. ಆ ಮೂರು ಗುಂಪುಗಳ ನಡುವೆ ಗೆರೆ ಎಳೆದುಬಿಡಿ.

ಮೊದಲ 20 ಪಂದ್ಯ ಮುಗಿಯುವ ತನಕ ಪಟ್ಟಿ ಮುಟ್ಟಬೇಡಿ. 20 ಪಂದ್ಯ, ದಿನಕ್ಕೆ 8 ತ್ರೀ ಅಂದರೆ 160 ಪ್ರಯತ್ನ, ಅದೃಷ್ಟದ ಏರಿಳಿತವೇ 3.8 ಅಂಶ. ಆ ಹೊತ್ತಿಗೆ ನೋಡಬೇಕಾದ್ದು ಶೇಕಡಾವಾರನ್ನಲ್ಲ. ಪ್ರಯತ್ನಗಳ ಎಣಿಕೆ ಬೇಗ ನೆಲೆಗೆ ನಿಲ್ಲುತ್ತದೆ, ಅದನ್ನು ನೋಡಿ: ವೆಂಬನ್ಯಾಮ ದಿನಕ್ಕೆ ಎಷ್ಟು ತ್ರೀ ಹೊಡೆಯುತ್ತಿದ್ದಾನೆ, ಡಾನ್ಚಿಚ್ ಎಷ್ಟು ಸಲ ಫ್ರೀ ಥ್ರೋ ಗೆರೆಗೆ ಹೋಗುತ್ತಿದ್ದಾನೆ, ಯಾರ ನಿಮಿಷ 32ಕ್ಕೆ ಇಳಿದಿದೆ.